ಅಂಕಿಯ ಪಕ್ಕಕ್ಕೊಂದು ಕಿರುಗೆರೆ

ಕೋಲಾರ ಚಿನ್ನದ ಗಣಿಯ 120 ವರ್ಷಗಳ ದುಡಿಮೆಯನ್ನು ಎರಡೇ ಅಂಕಿಗಳಲ್ಲಿ ಹೇಳಿ ಮುಗಿಸಬಹುದು. ನೆಲದಾಳದಿಂದ ಮೇಲೆ ಬಂದ ಅದಿರು ಸುಮಾರು 5.1 ಕೋಟಿ ಟನ್. ಅದರಿಂದ ದಕ್ಕಿದ ಚಿನ್ನ ಸುಮಾರು 800 ಟನ್. ಭಾಗಿಸಿ ನೋಡಿದರೆ ಒಂದು ಟನ್ ಅದಿರಿಗೆ ಹೆಚ್ಚುಕಡಿಮೆ 16 ಗ್ರಾಂ ಚಿನ್ನ ಸಿಕ್ಕಂತಾಯಿತು. ಲೆಕ್ಕದಲ್ಲಿ ದೋಷವಿಲ್ಲ. ಆದರೆ ಈ 16 ಗ್ರಾಮನ್ನೇ ನೆಚ್ಚಿ ಕೆಜಿಎಫ್‌ನ ಕಥೆ ಹೇಳಹೊರಟವರು ದಾರಿ ತಪ್ಪುತ್ತಾರೆ. ಆರಂಭದ ಕಾಲದಲ್ಲಿ ಇಲ್ಲಿನ ಅದಿರು ಟನ್ನಿಗೆ 45 ಗ್ರಾಂ ಆಸುಪಾಸು ಚಿನ್ನ ಕೊಡುತ್ತಿತ್ತು. 2001ರ ಫೆಬ್ರುವರಿ 28ರಂದು ಗಣಿಯ ಬಾಗಿಲು ಮುಚ್ಚುವ ಹೊತ್ತಿಗೆ ಅದು 3 ಗ್ರಾಮಿನ ಸುತ್ತ ಬಂದು ನಿಂತಿತ್ತು. 45ರಿಂದ 3ಕ್ಕೆ ಇಳಿದ ಆ ಇಳಿಜಾರಿನಲ್ಲೇ ಈ ಊರಿನ ಏಳುಬೀಳೆಲ್ಲ ಇದೆ. ಸರಾಸರಿ ಮೊದಲು ಅಳಿಸಿಹಾಕುವುದು ಅದನ್ನೇ.

ಇಂಥ ಅಳಿಸುವಿಕೆ ಇಂದು ಪ್ರತಿಯೊಂದು ಕಚೇರಿಯ ತಿಂಗಳ ವರದಿಯಲ್ಲೂ ನಡೆಯುತ್ತಿದೆ. ‘ಈ ತಿಂಗಳ ಮಾರಾಟ 18 ಲಕ್ಷ ರೂಪಾಯಿ, ಹೋದ ತಿಂಗಳಿಗಿಂತ ಶೇ 4 ಹೆಚ್ಚು’ ಎಂಬ ಸಾಲನ್ನು ಓದಿದ ವ್ಯವಸ್ಥಾಪಕರಿಗೆ ಸಮಾಧಾನವಾಗುತ್ತದೆ. ಹತ್ತು ತಿಂಗಳಿಂದ ಕುಸಿಯುತ್ತಲೇ ಬಂದ ಮಾರಾಟ ಒಮ್ಮೆ ತುಸು ತಲೆ ಎತ್ತಿದೆಯೋ, ಏರುತ್ತಲೇ ಬಂದದ್ದು ಇನ್ನೊಂದು ಮೆಟ್ಟಿಲು ಹತ್ತಿದೆಯೋ? ಆ ಸಾಲು ಅದನ್ನು ಹೇಳುವುದಿಲ್ಲ. ಅಂಕಿ ಒಂದೇ, ತೆಗೆದುಕೊಳ್ಳಬೇಕಾದ ತೀರ್ಮಾನ ಮಾತ್ರ ತದ್ವಿರುದ್ಧ.

ಇದಕ್ಕೊಂದು ಸರಳ ಮದ್ದಿದೆ. ಅಂಕಿ ಇರುವ ಸಾಲಿನಲ್ಲೇ, ಅದರ ಪಕ್ಕದ ಚೌಕದಲ್ಲೇ, ಅಕ್ಷರದಷ್ಟೇ ಎತ್ತರದ ಒಂದು ಪುಟ್ಟ ಗ್ರಾಫ್ ಕೂರಿಸುವುದು. ಅಕ್ಷಗಳಿಲ್ಲ, ಶೀರ್ಷಿಕೆಯಿಲ್ಲ, ಚೌಕಟ್ಟಿಲ್ಲ; ಬರೀ ಒಂದು ಗೆರೆ. ವರದಿ ತಯಾರಿಸುವವರು ಇದನ್ನು ‘ಸ್ಪಾರ್ಕ್‌ಲೈನ್’ ಎನ್ನುತ್ತಾರೆ.

ಪುಸ್ತಕದಿಂದ ಪರದೆಗೆ

ಅಂಕಿಗಳನ್ನು ಗೆರೆಯಾಗಿ ತೋರಿಸುವ ಕಲೆಗೆ ಎರಡು ಶತಮಾನ ದಾಟಿದೆ. ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ 1786ರಲ್ಲಿ ಪ್ರಕಟಿಸಿದ ವಾಣಿಜ್ಯ ಅಟ್ಲಾಸ್‌ನಲ್ಲಿ ಇಂಗ್ಲೆಂಡಿನ ಆಮದು, ರಫ್ತುಗಳನ್ನು ಗೆರೆಗಳಾಗಿ ಬರೆದು ತೋರಿಸಿದ. ಬರಹದ ನಡುವೆಯೇ ಪದದಂತೆ ಚಿತ್ರವನ್ನು ಸೇರಿಸುವ ಪದ್ಧತಿ ಅದಕ್ಕಿಂತಲೂ ಹಳೆಯದು. ಸೂರ್ಯನ ಕಲೆಗಳ ಬಗ್ಗೆ 1613ರಲ್ಲಿ ಅಚ್ಚಾದ ಪುಸ್ತಕದಲ್ಲಿ ಗೆಲಿಲಿಯೊ, ಶನಿಗ್ರಹ ತನಗೆ ಕಂಡ ಆಕಾರವನ್ನು ವಾಕ್ಯದ ಮಧ್ಯದಲ್ಲೇ ಪುಟ್ಟದಾಗಿ ಚಿತ್ರಿಸಿದ್ದ. ಓದುಗರ ಕಣ್ಣು ಚಿತ್ರ ಹುಡುಕಿಕೊಂಡು ಇನ್ನೊಂದು ಪುಟಕ್ಕೆ ಹೋಗಬೇಕಿರಲಿಲ್ಲ.

ಈ ಎರಡನ್ನೂ ಕೂಡಿಸಿ ಸ್ಪಾರ್ಕ್‌ಲೈನ್ ಎಂದು ಹೆಸರಿಟ್ಟವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ಟಫ್ಟಿ. ಅವರ ‘ಬ್ಯೂಟಿಫುಲ್ ಎವಿಡೆನ್ಸ್’ ಪುಸ್ತಕ ಬಂದದ್ದು 2006ರಲ್ಲಿ. ಅಲ್ಲಿ ಅವರು ಕೊಡುವ ಉದಾಹರಣೆ ರೋಗಿಯ ರಕ್ತದ ಗ್ಲೂಕೋಸ್ ಪ್ರಮಾಣದ್ದು. ಇವತ್ತಿನ ಅಂಕಿಯ ಪಕ್ಕದಲ್ಲಿ ಹಿಂದಿನ ಅಳತೆಗಳ ಗೆರೆ, ಅದರ ಹಿಂದೆ ಆರೋಗ್ಯವಂತರ ಮಿತಿಯನ್ನು ತೋರುವ ಬೂದು ಪಟ್ಟಿ. ವೈದ್ಯರಿಗೆ ಬೇಕಾದದ್ದೆಲ್ಲ ಒಂದು ಪದದಷ್ಟು ಜಾಗದಲ್ಲಿದೆ.

ಕಚೇರಿ ಮೇಜಿಗೆ ಇದು ಬಂದದ್ದು ಎಕ್ಸೆಲ್ 2010ರ ಮೂಲಕ. ಗೂಗಲ್ ಶೀಟ್ಸ್‌ನಲ್ಲಿ ಇದೇ ಹೆಸರಿನ ಒಂದು ಫಂಕ್ಷನ್ ಇದೆ. ಉಚಿತವಾಗಿ ಸಿಗುವ ಲಿಬ್ರೆಆಫೀಸ್‌ನ ಕ್ಯಾಲ್ಕ್‌ಗೆ 2022ರ 7.4ನೇ ಆವೃತ್ತಿಯಲ್ಲಿ ಈ ಸೌಲಭ್ಯ ಸೇರಿತು. ಪವರ್ ಬಿಐ ಎಂಬ ಡ್ಯಾಶ್‌ಬೋರ್ಡ್ ತಂತ್ರಾಂಶ ತನ್ನ ಕೋಷ್ಟಕಗಳಿಗೆ 2021ರ ಡಿಸೆಂಬರಿನಲ್ಲಿ ಇದನ್ನು ಸೇರಿಸಿಕೊಂಡಿತು. ಹಣ ಖರ್ಚು ಮಾಡದೆಯೂ ಸ್ಪಾರ್ಕ್‌ಲೈನ್ ಬಳಸಲು ಇಂದು ಯಾರಿಗೂ ಅಡ್ಡಿಯಿಲ್ಲ.

ಈ ನೆಲದ ಅಂಕಿಗಳು

ಬಂಗಾರಪೇಟೆಯಿಂದ ಗಣಿ ಪ್ರದೇಶಕ್ಕೆ ಕವಲು ರೈಲು ಮಾರ್ಗ ತೆರೆದದ್ದು 1894ರಲ್ಲಿ. ಗಣಿಗೆ ಬೇಕಾದ ಯಂತ್ರ, ಕಲ್ಲಿದ್ದಲು, ಮರಮುಟ್ಟು ಆ ಹಳಿಯ ಮೇಲೆ ಒಳಬಂದವು. ಈಗ ಅದೇ ಹಳಿಯ ಮೇಲೆ ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ನಿಲ್ದಾಣಗಳಿಂದ ಬೆಳಗಿನ ಜಾವಕ್ಕೇ ಜನ ಹೊರಬೀಳುತ್ತಾರೆ. ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಮಂದಿಗೆ ಅನ್ನ ಕೊಡುತ್ತಿರುವುದು ಬೆಂಗಳೂರು. ತಮಿಳು, ತೆಲುಗು, ಕನ್ನಡ ಬೆರೆತ ಮಾತಿನ ನಡುವೆ ಬಂಗಾರಪೇಟೆ ಜಂಕ್ಷನ್ ದಾಟುವ ಆ ಬೋಗಿಗಳಲ್ಲಿ ಕಾರ್ಖಾನೆಯ ಕೆಲಸಗಾರರ ಜೊತೆಗೆ ಲೆಕ್ಕಪತ್ರ ನೋಡುವವರು, ಗೋದಾಮಿನ ದಾಸ್ತಾನು ಬರೆಯುವವರು, ಕಂಪನಿಗಳ ಮಾಸಿಕ ವರದಿ ಸಿದ್ಧಪಡಿಸುವವರೂ ಇದ್ದಾರೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಅಂಕಿಗಳ ಕೆಲಸಕ್ಕೆ ಇಳಿದಿದ್ದಾರೆ.

ಜಿಲ್ಲೆಯ ಒಳಗೂ ಅಂಕಿಗಳಿಗೆ ಬರವಿಲ್ಲ. ಹಳ್ಳಿಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ದಿನಕ್ಕೆ ಎರಡು ಹೊತ್ತು ಲೀಟರು, ಕೊಬ್ಬು, ಘನಾಂಶ ದಾಖಲಾಗುತ್ತವೆ. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಹರಾಜು ದರ ಬೆಳಿಗ್ಗೆ ಕೂಗಿದ್ದು ಸಂಜೆಯೊಳಗೆ ಎಲ್ಲರ ಮೊಬೈಲಿಗೆ ಮುಟ್ಟಿರುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಪಂಚಾಯಿತಿ ಮಟ್ಟದಲ್ಲಿ ಮಳೆ ಅಳೆಯುತ್ತವೆ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕೆಜಿಎಫ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ಕಟ್ಟುತ್ತದೆ. ಅಂಥ ಕಾರ್ಖಾನೆಯೊಂದರಲ್ಲಿ ಬಿಡಿಭಾಗದ ದಾಸ್ತಾನಿನಿಂದ ಹಿಡಿದು ಪಾಳಿಯ ಉತ್ಪಾದನೆಯವರೆಗೆ ಅಳೆಯದ ಸಂಗತಿಯೇ ಇರುವುದಿಲ್ಲ. ಇವುಗಳ ವರದಿಯನ್ನು ಸಾಮಾನ್ಯವಾಗಿ ಒಂದು ದೊಡ್ಡ ಕೋಷ್ಟಕವಾಗಿ ಕೊಡಲಾಗುತ್ತದೆ. ನೂರು ಸಾಲು, ಹನ್ನೆರಡು ಕಾಲಂ. ಅದನ್ನು ಪೂರ್ತಿ ಓದುವಷ್ಟು ಪುರುಸೊತ್ತು ಯಾರಿಗಿದೆ?

ಕೂರಿಸುವುದು ಹೇಗೆ

ಮೊದಲ ಕೆಲಸ ದತ್ತಾಂಶವನ್ನು ಓರಣವಾಗಿಡುವುದು. ಒಂದು ಸಂಗತಿಗೆ ಒಂದು ಸಾಲು, ಒಂದು ತಿಂಗಳಿಗೆ ಒಂದು ಕಾಲಂ. ಸಂಘದ ಹೆಸರು ಎಡಗಡೆ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಅಂಕಿಗಳು ಬಲಕ್ಕೆ. ಜೋಡಿಸಿದ ಸೆಲ್‌ಗಳು, ಅಂಕಿಯ ಜೊತೆಗೆ ‘ಲೀ.’ ಎಂದು ಬರೆದದ್ದು, ನಡುವೆ ತೂರಿದ ಉಪಮೊತ್ತ ಇವೆಲ್ಲ ಗೆರೆಯನ್ನು ಕೆಡಿಸುತ್ತವೆ. ದತ್ತಾಂಶ ಒಂದು ಹಾಳೆಯಲ್ಲಿರಲಿ, ಓದುವವರಿಗೆ ತೋರಿಸುವ ವರದಿ ಇನ್ನೊಂದು ಹಾಳೆಯಲ್ಲಿರಲಿ.

ಎಕ್ಸೆಲ್‌ನಲ್ಲಿ ಗೆರೆ ಬರಬೇಕಾದ ಸೆಲ್‌ಗಳನ್ನು ಆರಿಸಿಕೊಂಡು ‘ಇನ್ಸರ್ಟ್’ ಪಟ್ಟಿಗೆ ಹೋದರೆ ‘ಸ್ಪಾರ್ಕ್‌ಲೈನ್ಸ್’ ಗುಂಪಿನಲ್ಲಿ ಮೂರು ಬಗೆ ಕಾಣುತ್ತವೆ: ಲೈನ್, ಕಾಲಂ, ವಿನ್‌-ಲಾಸ್. ಒಂದನ್ನು ಒತ್ತಿ, ಅಂಕಿಗಳ ವ್ಯಾಪ್ತಿ ಎಲ್ಲಿಂದ ಎಲ್ಲಿಗೆ ಎಂದು ತೋರಿಸಿದರೆ ನೂರು ಸಾಲಿಗೂ ಒಟ್ಟಿಗೇ ಗೆರೆ ಮೂಡುತ್ತದೆ. ಗೆರೆ ಇರುವುದು ಸೆಲ್‌ನ ಹಿನ್ನೆಲೆಯಲ್ಲಿ. ಹೀಗಾಗಿ ಅದೇ ಸೆಲ್‌ನಲ್ಲಿ ಅಕ್ಷರ ಬರೆಯಲೂಬಹುದು. ಅಳಿಸಬೇಕೆಂದರೆ ಡಿಲೀಟ್ ಕೀಲಿ ಒತ್ತಿ ಪ್ರಯೋಜನವಿಲ್ಲ. ಸ್ಪಾರ್ಕ್‌ಲೈನ್ ಪಟ್ಟಿಯ ‘ಕ್ಲಿಯರ್’ ಬಳಸಬೇಕು.

ಗೂಗಲ್ ಶೀಟ್ಸ್‌ನಲ್ಲಿ ಸೂತ್ರ ಬರೆಯಬೇಕು. ಸಮಚಿಹ್ನೆ ಹಾಕಿ ಸ್ಪಾರ್ಕ್‌ಲೈನ್ ಎಂದು ಇಂಗ್ಲಿಷಿನಲ್ಲಿ ಬರೆದು, ಕಂಸದೊಳಗೆ ಅಂಕಿಗಳ ವ್ಯಾಪ್ತಿ ಕೊಟ್ಟರೆ ಗೆರೆ ಸಿದ್ಧ. ಗ್ರಾಫಿನ ಬಗೆ, ಬಣ್ಣ, ಗೆರೆಯ ದಪ್ಪ, ಅಕ್ಷದ ಕನಿಷ್ಠ, ಗರಿಷ್ಠ ಮಿತಿ ಇವನ್ನು ಪುಷ್ಪಾವರಣದೊಳಗೆ ಜೋಡಿಜೋಡಿಯಾಗಿ ಸೇರಿಸಬಹುದು. ಪವರ್ ಬಿಐನಲ್ಲಿ ಕೋಷ್ಟಕದ ಒಂದು ಮೌಲ್ಯವನ್ನು ಆರಿಸಿ ‘ಆ್ಯಡ್ ಎ ಸ್ಪಾರ್ಕ್‌ಲೈನ್’ ಎಂದರೆ ಸಾಕು. ಅಡ್ಡಸಾಲಿಗೆ ಯಾವ ದಿನಾಂಕ ಬೇಕು ಎಂದು ಅದೇ ಕೇಳುತ್ತದೆ.

ಹೊಸಬರನ್ನು ಕಂಗೆಡಿಸುವ ಒಂದು ತೊಡಕು ಎಕ್ಸೆಲ್‌ನಲ್ಲಿದೆ. ವರದಿ ಚೊಕ್ಕವಾಗಿ ಕಾಣಲೆಂದು ಹನ್ನೆರಡು ತಿಂಗಳ ಕಾಲಂಗಳನ್ನು ಮರೆಮಾಡಿದ ಕೂಡಲೇ ಗೆರೆಯೂ ಮಾಯವಾಗುತ್ತದೆ. ‘ಎಡಿಟ್ ಡೇಟಾ’ದ ಒಳಗೆ ‘ಹಿಡನ್ ಆ್ಯಂಡ್ ಎಂಪ್ಟಿ ಸೆಲ್ಸ್’ ಎಂಬ ಆಯ್ಕೆಯಿದೆ. ಅಲ್ಲಿ ಮರೆಮಾಡಿದ ಕಾಲಂಗಳ ಅಂಕಿಯನ್ನೂ ತೋರಿಸು ಎಂದು ಗುರುತು ಹಾಕಿದರೆ ಗೆರೆ ಮರಳಿ ಬರುತ್ತದೆ.

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನದು ಮನುಷ್ಯರ ವಿವೇಚನೆ, ಹೆಚ್ಚಿನ ವರದಿಗಳು ಸೋಲುವುದೂ ಅಲ್ಲಿಯೇ.

ಅಳತೆಗೋಲಿನ ಪ್ರಶ್ನೆ

ಎರಡು ಹಾಲು ಸಂಘಗಳನ್ನು ಕಲ್ಪಿಸಿಕೊಳ್ಳೋಣ. ದೊಡ್ಡದು ದಿನಕ್ಕೆ 2,000 ಲೀಟರು ಕೂಡಿಸುತ್ತದೆ, ಸಣ್ಣದು 200 ಲೀಟರು. ವರ್ಷದ ಕೊನೆಗೆ ದೊಡ್ಡದು 1,960ಕ್ಕೆ ಇಳಿಯಿತು, ಸಣ್ಣದು 150ಕ್ಕೆ. ಮೊದಲನೆಯದು ಕಳೆದುಕೊಂಡದ್ದು ಶೇ 2, ಎರಡನೆಯದು ಶೇ 25. ದೊಡ್ಡ ಸಂಘದ ಇಳಿಕೆ ಗಮನಕ್ಕೂ ಬಾರದಷ್ಟು ಸಣ್ಣದು. ಸಣ್ಣ ಸಂಘದ ಮಟ್ಟಿಗೆ ಅದು ಉಳಿವಿನ ಪ್ರಶ್ನೆ.

ತಂತ್ರಾಂಶ ತಾನಾಗಿ ಬರೆದುಕೊಡುವ ಗೆರೆಯಲ್ಲಿ ಈ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಕಾರಣ ಇಷ್ಟೆ: ಪ್ರತಿ ಸಾಲಿನ ಅತಿ ಕಡಿಮೆ ಅಂಕಿಯನ್ನು ಸೆಲ್‌ನ ತಳಕ್ಕೂ ಅತಿ ಹೆಚ್ಚಿನದನ್ನು ನೆತ್ತಿಗೂ ಅಂಟಿಸಿ ಅದು ಗೆರೆ ಎಳೆಯುತ್ತದೆ. ಶೇ 2ರ ಇಳಿಕೆಯೂ ಸೆಲ್‌ನ ಮೇಲಿನಿಂದ ಕೆಳಗಿನವರೆಗೆ ಪ್ರಪಾತದಂತೆ ಬೀಳುತ್ತದೆ. ಇದನ್ನು ಕಂಡು ಗಾಬರಿಯಾದವರು ‘ಆಕ್ಸಿಸ್’ ಆಯ್ಕೆಗೆ ಹೋಗಿ ಎಲ್ಲ ಸಾಲುಗಳಿಗೂ ಒಂದೇ ಅಳತೆಗೋಲು ಕೊಡುತ್ತಾರೆ. ಆಗ ಇನ್ನೊಂದು ಅನ್ಯಾಯವಾಗುತ್ತದೆ. 2,000 ಲೀಟರಿನ ಎತ್ತರಕ್ಕೆ ಸಿದ್ಧವಾದ ಸೆಲ್‌ನಲ್ಲಿ 200 ಲೀಟರಿನ ಸಂಘ ತಳಕ್ಕೆ ಅಂಟಿದ ಸಪಾಟು ಗೆರೆಯಾಗುತ್ತದೆ. ಅದರ ಕಾಲು ಭಾಗ ಹಾಲು ನಿಂತುಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಸರಿಯಾದ ದಾರಿ ಎರಡರ ನಡುವೆ ಇದೆ. ಪ್ರತಿ ಸಂಘದ ಮೊದಲ ತಿಂಗಳ ಅಂಕಿಯನ್ನು 100 ಎಂದು ಇಟ್ಟುಕೊಂಡು ಉಳಿದ ತಿಂಗಳುಗಳನ್ನು ಅದಕ್ಕೆ ಹೋಲಿಸಿ ಬರೆದರೆ ದೊಡ್ಡದು 98ಕ್ಕೆ, ಸಣ್ಣದು 75ಕ್ಕೆ ಬಂದು ನಿಲ್ಲುತ್ತದೆ. ಆ ಸೂಚ್ಯಂಕಕ್ಕೆ ಎಲ್ಲ ಸಾಲಿನಲ್ಲೂ ಒಂದೇ ಅಳತೆಗೋಲು ಕೊಡಬೇಕು. ಪಕ್ಕದ ಕಾಲಂನಲ್ಲಿ ನಿಜವಾದ ಲೀಟರು ಇದ್ದೇ ಇರುತ್ತದೆ. ಗೆರೆ ದಿಕ್ಕನ್ನು ಹೇಳುತ್ತದೆ, ಅಂಕಿ ಗಾತ್ರವನ್ನು ಹೇಳುತ್ತದೆ.

ಟೊಮೆಟೊ ದರದ ಕಷ್ಟವೇ ಬೇರೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಸೆಪ್ಟೆಂಬರಿನ ಹೊತ್ತಿಗೆ ಬೆಲೆ ನೆಲಕಚ್ಚಿ ಬೆಳೆಗಾರರು ಕೈಚೆಲ್ಲಿ ಕುಳಿತರು. ಆ ವರ್ಷದ ಗೆರೆಯಲ್ಲಿ ಜುಲೈನ ಒಂದು ಮೊನೆಯ ಹೊರತು ಮಿಕ್ಕೆಲ್ಲವೂ ಸಮತಟ್ಟು. ಆದರೆ ಬಾಕ್ಸಿಗೆ 100 ರೂಪಾಯಿ ಇದ್ದದ್ದು 200 ಆಗುವುದು ರೈತರ ಬದುಕಿನಲ್ಲಿ ಸಣ್ಣ ಬದಲಾವಣೆಯಲ್ಲ. ಇಂಥ ಕಡೆ ದರಗಳ ಲಾಗರಿದಮ್ ತೆಗೆದು ಅದಕ್ಕೆ ಗೆರೆ ಎಳೆಯುವುದು ಒಳ್ಳೆಯದು. ಆಗ 100ರಿಂದ 200ಕ್ಕೆ ಏರಿದ್ದೂ 1,000ದಿಂದ 2,000ಕ್ಕೆ ಏರಿದ್ದೂ ಒಂದೇ ಎತ್ತರದ ಮೆಟ್ಟಿಲಾಗುತ್ತವೆ. ಎಕ್ಸೆಲ್‌ನ ಸ್ಪಾರ್ಕ್‌ಲೈನ್‌ಗೆ ಲಾಗರಿದಮ್ ಅಕ್ಷ ಇಲ್ಲದ ಕಾರಣ ಪಕ್ಕದ ಕಾಲಂಗಳಲ್ಲಿ ಲೆಕ್ಕ ಹಾಕಿಟ್ಟುಕೊಳ್ಳಬೇಕು. ಅಷ್ಟು ಬೇಡವೆಂದರೆ ಎರಡು ಗೆರೆ ಕೊಡಬಹುದು: ಒಂದು 52 ವಾರದ್ದು, ಇನ್ನೊಂದು ಈಚಿನ 12 ವಾರದ್ದು.

ಸೊನ್ನೆಯೂ ಖಾಲಿಯೂ ಒಂದಲ್ಲ

ಅಂಕಿ ಸಿಗದ ದಿನಕ್ಕೆ ಏನು ಮಾಡಬೇಕು? ಎಕ್ಸೆಲ್ ಮೂರು ದಾರಿ ಕೊಡುತ್ತದೆ. ಗೆರೆಯನ್ನು ಅಲ್ಲಿ ತುಂಡರಿಸಬಹುದು, ಸೊನ್ನೆಗೆ ಇಳಿಸಬಹುದು, ಇಲ್ಲವೇ ಆಚೀಚಿನ ಬಿಂದುಗಳನ್ನು ಸೇರಿಸಿ ನೇರ ಎಳೆಯಬಹುದು. ಎಪಿಎಂಸಿಗೆ ರಜೆಯಿದ್ದ ದಿನ ದರವೇ ಇರುವುದಿಲ್ಲ. ಅಲ್ಲಿ ಬಿಂದುಗಳನ್ನು ಸೇರಿಸಿದರೆ ತಪ್ಪೇನಿಲ್ಲ. ಹಾಲು ಅಳೆಯುವ ಯಂತ್ರ ಕೆಟ್ಟು ಮೂರು ದಿನದ ದಾಖಲೆ ಹೋಗಿದ್ದರೆ ಗೆರೆಯನ್ನು ತುಂಡಾಗಿಯೇ ಬಿಡಬೇಕು. ಹಾಲು ಬಂದಿತ್ತು, ಲೆಕ್ಕ ಬರಲಿಲ್ಲ ಎಂಬುದನ್ನು ಆ ಬಿರುಕು ಪ್ರಾಮಾಣಿಕವಾಗಿ ಹೇಳುತ್ತದೆ. ಆದರೆ 2001ರ ಮಾರ್ಚ್ ನಂತರದ ಕೆಜಿಎಫ್ ಚಿನ್ನದ ಉತ್ಪಾದನೆ ದಾಖಲೆ ಇಲ್ಲದ ಖಾಲಿಯಲ್ಲ, ನಿಜವಾದ ಸೊನ್ನೆ. ಮೂರು ಸಾವಿರಕ್ಕೂ ಹೆಚ್ಚು ನೌಕರರ ಕೆಲಸ ನಿಂತ ಆ ಸಂಗತಿಯನ್ನು ಖಾಲಿ ಬಿಟ್ಟು ಮುಚ್ಚಬಾರದು. ಗೆರೆ ತಳ ಮುಟ್ಟಬೇಕು.

ಎಷ್ಟು ಕಾಲದ ಅಂಕಿ ಬೇಕು ಎಂಬುದೂ ಅಷ್ಟೇ ಮುಖ್ಯ. ತಿಂಗಳ ಅಂಕಿಗಳಿಗೆ 12ರ ಬದಲು 13 ಬಿಂದು ಇಟ್ಟರೆ ಮೊದಲ ಬಿಂದುವೂ ಕೊನೆಯ ಬಿಂದುವೂ ಒಂದೇ ತಿಂಗಳಿನವಾಗುತ್ತವೆ. ಕೋಲಾರದಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅಕ್ಟೋಬರಿನ ಅಂಕಿಯನ್ನು ಸೆಪ್ಟೆಂಬರಿಗೆ ಹೋಲಿಸುವುದಕ್ಕಿಂತ ಹೋದ ವರ್ಷದ ಅಕ್ಟೋಬರಿಗೆ ಹೋಲಿಸಿದರೆ ಅರ್ಥವಿದೆ. ಹಾಲು, ಮಾವು, ರೇಷ್ಮೆಗೂ ಈ ಮಾತು ಸಲ್ಲುತ್ತದೆ. ದಿನಾಂಕಗಳ ನಡುವಿನ ಅಂತರ ಒಂದೇ ಸಮ ಇರದಿದ್ದರೆ ಎಕ್ಸೆಲ್‌ನ ಅಕ್ಷವನ್ನು ದಿನಾಂಕದ ಬಗೆಗೆ ಬದಲಿಸಬೇಕು. ಇಲ್ಲವಾದರೆ ಮೂರು ದಿನದ ಅಂತರವೂ ಮೂರು ತಿಂಗಳ ಅಂತರವೂ ಒಂದೇ ಅಗಲಕ್ಕೆ ಬರುತ್ತವೆ.

ಗೆರೆ, ಕಂಬ, ಸೋಲು-ಗೆಲುವು

ಹರಿಯುತ್ತಾ ಸಾಗುವ ಸಂಗತಿಗೆ ಗೆರೆ ಹೊಂದುತ್ತದೆ: ಬೆಲೆ, ಅಂತರ್ಜಲ ಮಟ್ಟ, ಅದಿರಿನ ಸತ್ವ. ಪ್ರತಿ ಅವಧಿಗೂ ಬೇರೆಬೇರೆಯಾಗಿ ಕೂಡುವ ಮೊತ್ತಕ್ಕೆ ಕಂಬ ಒಳ್ಳೆಯದು: ತಿಂಗಳ ಮಳೆ, ಪಾಳಿಯ ಉತ್ಪಾದನೆ. ಕಂಬಗಳು ಯಾವಾಗಲೂ ಸೊನ್ನೆಯಿಂದಲೇ ಏಳಬೇಕು. ಎಕ್ಸೆಲ್ ತಾನಾಗಿ ಹಾಗೆ ಮಾಡುವುದಿಲ್ಲವಾದ್ದರಿಂದ ಅಕ್ಷದ ಕನಿಷ್ಠ ಮಿತಿಗೆ ಸೊನ್ನೆ ಎಂದು ಕೈಯಾರೆ ಬರೆಯಬೇಕು.

ಮೂರನೆಯ ಬಗೆಯಾದ ವಿನ್‌-ಲಾಸ್‌ನಲ್ಲಿ ಎಲ್ಲ ಇಟ್ಟಿಗೆಗಳೂ ಒಂದೇ ಗಾತ್ರದವು. ಲಾಭವಾದರೆ ಮೇಲೆ, ನಷ್ಟವಾದರೆ ಕೆಳಗೆ. ವಾಡಿಕೆಗಿಂತ ಹೆಚ್ಚು ಮಳೆ ಬಂದ ತಿಂಗಳು ಮೇಲೆ, ಕಡಿಮೆಯಾದದ್ದು ಕೆಳಗೆ. ಎಷ್ಟು ಎಂಬುದನ್ನು ಬಿಟ್ಟು ಎಷ್ಟು ಸಲ, ಎಷ್ಟು ಬಾರಿ ಸತತವಾಗಿ ಎಂಬುದನ್ನಷ್ಟೇ ಇದು ತೋರಿಸುತ್ತದೆ. ಮೈಸೂರು ರಾಜ್ಯ ಸರ್ಕಾರ 1956ರಲ್ಲಿ ವಹಿಸಿಕೊಂಡು, 1962ರಲ್ಲಿ ಕೇಂದ್ರಕ್ಕೆ ಹಸ್ತಾಂತರವಾಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಾರ್ವಜನಿಕ ಉದ್ಯಮವಾದ ಗಣಿ, ನಷ್ಟದ ಮೇಲೆ ನಷ್ಟ ಕಂಡು 1992ರಲ್ಲಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮೆಟ್ಟಿಲೇರಿತು. ಮುಚ್ಚುವುದೇ ಲೇಸು ಎಂದು ಮಂಡಳಿ ಶಿಫಾರಸು ಮಾಡಿದ್ದು 2000ದಲ್ಲಿ. ಕೆಳಮುಖದ ಇಟ್ಟಿಗೆಗಳು ಒಂದರ ಪಕ್ಕ ಒಂದು ಸಾಲುಗಟ್ಟುವುದನ್ನು ನೋಡಲು ವಿನ್‌-ಲಾಸ್‌ನಷ್ಟು ಸ್ಪಷ್ಟವಾದ ಚಿತ್ರ ಬೇರೆ ಇಲ್ಲ.

ಒಂದೇ ಗೆರೆ ಸಾಲದು

ಅದಿರಿನ ಸತ್ವ ಇಳಿಯುತ್ತಿದೆ ಎಂಬ ಗೆರೆಯನ್ನು ಮಾತ್ರ ನೋಡಿದವರು ಗಣಿ ಮೊದಲಿನಿಂದಲೇ ಸೋಲುತ್ತಿತ್ತು ಎಂದುಕೊಂಡಾರು. ವಾಸ್ತವ ಹಾಗಿರಲಿಲ್ಲ. ಜಾನ್ ಟೇಲರ್ ಆ್ಯಂಡ್ ಸನ್ಸ್ 1880ರಲ್ಲಿ ಇಲ್ಲಿ ಕಾಲಿಟ್ಟಿತು. 1890ರ ದಶಕದಲ್ಲಿ ಸಯನೈಡ್ ವಿಧಾನ ಬಂದು, ಹಿಂದೆ ಕೈತಪ್ಪುತ್ತಿದ್ದ ಚಿನ್ನವೂ ಸಿಗತೊಡಗಿತು. 1902ರ ಜೂನ್ 30ರಂದು ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ಉದ್ದದ ತಂತಿಯಲ್ಲಿ ವಿದ್ಯುತ್ ಹರಿದು ಬಂತು. ದುಬಾರಿ ಕಲ್ಲಿದ್ದಲಿನ ಹಂಗು ತಗ್ಗಿತು. ಖರ್ಚು ಇಳಿದಾಗ ಕಡಿಮೆ ಸತ್ವದ ಅದಿರನ್ನು ಅರೆಯುವುದೂ ಲಾಭಕರ. ಸತ್ವದ ಗೆರೆ ಇಳಿಯುತ್ತಿದ್ದರೂ ಚಿನ್ನದ ಗೆರೆ ಏರಿ 1905ರ ಸುಮಾರಿಗೆ ವರ್ಷಕ್ಕೆ 6 ಲಕ್ಷ ಔನ್ಸ್ ಮೀರಿ ಶಿಖರ ಮುಟ್ಟಿತು. ಕೊನೆಯ ವರ್ಷಗಳಲ್ಲಿ ಉತ್ಪಾದನೆ ವರ್ಷಕ್ಕೆ ಒಂದು ಟನ್ನಿಗೂ ಕಡಿಮೆ.

ಡ್ಯಾಶ್‌ಬೋರ್ಡ್ ಕಟ್ಟುವವರು ಇದರಿಂದ ಕಲಿಯಬೇಕಾದದ್ದು ದೊಡ್ಡದು. ಒಂದಕ್ಕೊಂದು ಹೆಣೆದುಕೊಂಡ ಅಂಕಿಗಳನ್ನು ಒಂದೇ ಸಾಲಿನಲ್ಲಿ, ಒಂದೇ ಕಾಲಾವಧಿಗೆ ಕೊಡಬೇಕು. ಗಣಿಗಾದರೆ ಅರೆದ ಅದಿರು, ಟನ್ನಿಗೆ ಚಿನ್ನ, ಟನ್ನಿಗೆ ಖರ್ಚು. ಹಾಲು ಸಂಘಕ್ಕಾದರೆ ಲೀಟರು, ಕೊಬ್ಬಿನ ಅಂಶ, ಹಾಲು ಹಾಕುವ ಸದಸ್ಯರ ಸಂಖ್ಯೆ. ಲೀಟರು ಹಾಗೇ ಇದ್ದು ಸದಸ್ಯರು ಕಡಿಮೆಯಾಗುತ್ತಿದ್ದರೆ ಆ ಸಂಘ ಕೆಲವೇ ಮನೆಗಳ ಮೇಲೆ ನಿಂತಿದೆ ಎಂದರ್ಥ. ಲೀಟರಿನ ಗೆರೆ ಒಂದೇ ಇದ್ದರೆ ಅದು ಗೊತ್ತಾಗುವುದು ತೀರ ತಡವಾಗಿ.

ಎರಡು ಗೆರೆ ಒಟ್ಟಿಗೆ ಏರಿದವೆಂದು ಒಂದು ಇನ್ನೊಂದಕ್ಕೆ ಕಾರಣವೆಂದೂ ಬರೆಯಬಾರದು. 1902ರ ವಿದ್ಯುತ್ತಿಗೂ 1905ರ ಶಿಖರಕ್ಕೂ ನಂಟಿದೆ. ಆದರೆ ಆಗ ಶ್ರೀಮಂತ ಅದಿರಿನ ಪದರಗಳೂ ಕೈಗೆಟುಕುತ್ತಿದ್ದವು, ಸಯನೈಡ್ ವಿಧಾನವೂ ಬೇರೂರಿತ್ತು. ಕಾರಣವನ್ನು ಹೇಳಬೇಕಾದವರು ವರದಿ ಬರೆಯುವವರು. ಅದಕ್ಕಾಗಿ ಪ್ರತಿ ಸಾಲಿನ ಕೊನೆಗೆ ಒಂದು ವಾಕ್ಯದ ಟಿಪ್ಪಣಿಗೆ ಜಾಗವಿರಬೇಕು. ಕೋಲಾರದ ಅಂತರ್ಜಲದ ಗೆರೆ ಬರೆದು, 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಯ ಕೆರೆಗಳಿಗೆ ಹರಿಯತೊಡಗಿದ್ದನ್ನು ಹೇಳದಿದ್ದರೆ ಓದುವವರು ಆ ಗೆರೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಕಣ್ಣಿಗೂ ಕಾಗದಕ್ಕೂ ಒಗ್ಗುವಂತೆ

ಅಲಂಕಾರ ಹೆಚ್ಚಿದಷ್ಟೂ ಕಿರುಗೆರೆ ಕೆಡುತ್ತದೆ. ಗೆರೆ ಬೂದು ಬಣ್ಣದ್ದಾಗಿರಲಿ. ಕೊನೆಯ ಬಿಂದುವಿಗೆ ಮಾತ್ರ ಒಂದು ಗಾಢ ಚುಕ್ಕೆ ಹಾಕಿ, ಪಕ್ಕದಲ್ಲಿರುವ ಈ ತಿಂಗಳ ಅಂಕಿಗೂ ಅದೇ ಬಣ್ಣ ಕೊಟ್ಟರೆ ಎರಡರ ಸಂಬಂಧ ಯಾರೂ ಹೇಳಿಕೊಡದೆ ತಿಳಿಯುತ್ತದೆ. ಅತಿ ಹೆಚ್ಚು, ಅತಿ ಕಡಿಮೆಗೆ ಒಂದೊಂದು ಚುಕ್ಕೆ ಬೇಕಿದ್ದರೆ ಇರಲಿ. ಪ್ರತಿ ಬಿಂದುವಿಗೂ ಚುಕ್ಕೆ ಬೇಡ. ಕೆಂಪು, ಹಸಿರಿನ ಭೇದ ಕಾಣದವರು ಗಂಡಸರಲ್ಲಿ ನೂರಕ್ಕೆ ಹಲವರಿದ್ದಾರೆ. ನಮ್ಮ ಕಚೇರಿಗಳಲ್ಲಿ ವರದಿಗಳು ಈಗಲೂ ಕಪ್ಪು-ಬಿಳುಪಿನಲ್ಲೇ ಮುದ್ರಣವಾಗಿ ಮೇಲಧಿಕಾರಿಗಳ ಮೇಜಿಗೆ ಹೋಗುತ್ತವೆ. ಬಣ್ಣ ಹೋದರೂ ಅರ್ಥ ಉಳಿಯಬೇಕು. ಸೆಲ್ ತೀರ ಉದ್ದವಾದರೆ ಏರಿಳಿತ ಸಪ್ಪೆಯಾಗುತ್ತದೆ, ತೀರ ಎತ್ತರವಾದರೆ ಪ್ರತಿ ಅಲುಗಾಟವೂ ಶಿಖರದಂತೆ ಕಾಣುತ್ತದೆ. ಅಗಲ ಎತ್ತರದ ನಾಲ್ಕೈದು ಪಟ್ಟು ಇದ್ದರೆ ಹದ.

ಗೆರೆಯ ಎಡಕ್ಕೆ ಅವಧಿಯ ಮೊದಲ ಅಂಕಿ, ಬಲಕ್ಕೆ ಕೊನೆಯ ಅಂಕಿ ಇರಬೇಕು. ಕಾಲಂನ ತಲೆಯ ಮೇಲೆ ‘ಏಪ್ರಿಲ್ 2024ರಿಂದ ಏಪ್ರಿಲ್ 2025’ ಎಂಬಂತೆ ಅವಧಿಯನ್ನೂ, ಎಲ್ಲ ಸಾಲಿಗೂ ಒಂದೇ ಅಳತೆಗೋಲೋ ಬೇರೆಬೇರೆಯೋ ಎಂಬುದನ್ನೂ ಬರೆಯಬೇಕು. ಇಷ್ಟು ಬರೆಯದ ಸ್ಪಾರ್ಕ್‌ಲೈನ್ ನೋಡಲು ಅಂದವಾಗಿರಬಹುದು, ನಂಬಲು ಯೋಗ್ಯವಲ್ಲ.

ಎಲ್ಲದಕ್ಕೂ ಕಿರುಗೆರೆ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಮೂರ‍್ನಾಲ್ಕು ಅಂಕಿಗಳಷ್ಟೇ ಇದ್ದರೆ ಅವನ್ನು ಹಾಗೆಯೇ ಬರೆಯುವುದು ಮೇಲು. ಎರಡು ಅಂಕಿಗಳ ನಿಖರ ವ್ಯತ್ಯಾಸ ಬೇಕಾದಲ್ಲಿ ಕೋಷ್ಟಕಕ್ಕೆ ಸಾಟಿಯಿಲ್ಲ. ಪ್ರಾಣಕ್ಕೆ ಸಂಬಂಧಿಸಿದ ವಿಷಯದಲ್ಲಂತೂ ಪುಟ್ಟ ಗೆರೆಯನ್ನು ನೆಚ್ಚಬಾರದು. ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಮೀರಿ ಆಳಕ್ಕಿಳಿದಿತ್ತು. ಆ ಒತ್ತಡದಲ್ಲಿ ಬಂಡೆಗಳು ಸಿಡಿದು ಕಾರ್ಮಿಕರು ಜೀವ ತೆತ್ತಿದ್ದಾರೆ. ಶಿಲಾಸ್ಫೋಟಗಳ ಅಧ್ಯಯನದಲ್ಲಿ ಎಲ್ಲಿ, ಎಷ್ಟು ಆಳದಲ್ಲಿ, ಎಷ್ಟು ತೀವ್ರತೆಯಲ್ಲಿ ಎಂಬುದೆಲ್ಲ ಬೇಕು. 1988ರಲ್ಲಿ ಕೆಜಿಎಫ್‌ನಲ್ಲೇ ಸ್ಥಾಪನೆಯಾದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯಂಥ ಕಡೆ ನಡೆಯುವ ಇಂಥ ಕೆಲಸಕ್ಕೆ ಪೂರ್ಣ ಪ್ರಮಾಣದ ನಕ್ಷೆಗಳೇ ಆಗಬೇಕು.

ಮುಂದೆ ಬರುವ ವರದಿಗಳಿಗೆ

ಗಣಿ ಬಿಟ್ಟುಹೋದ ಸಯನೈಡ್ ಮಣ್ಣಿನ ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ತ್ಯಾಜ್ಯವಿದೆ. ಅದರಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನ ಉಳಿದಿದೆಯೆಂಬ ಅಂದಾಜಿದೆ. ಈ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಆ ಕೆಲಸ ಆರಂಭವಾದರೆ ಊರಿಗೆ ಮತ್ತೆ ಉತ್ಪಾದನೆಯ ವರದಿಗಳು ಬರುತ್ತವೆ. ಒಟ್ಟು ಇಷ್ಟು ಕೆ.ಜಿ. ಎಂಬ ಒಂದು ಅಂಕಿಯನ್ನು ಜನರ ಮುಂದಿಟ್ಟರೆ ಸಾಲದು. ತಿಂಗಳುತಿಂಗಳ ಸತ್ವ, ಖರ್ಚು, ಗಾಳಿಯಲ್ಲಿನ ದೂಳು, ಸುತ್ತಲಿನ ನೀರಿನ ಗುಣಮಟ್ಟ, ಸ್ಥಳೀಯರಿಗೆ ಸಿಕ್ಕ ಕೆಲಸ ಇವೆಲ್ಲ ಒಂದೇ ಪುಟದಲ್ಲಿ, ಪ್ರತಿಯೊಂದರ ಪಕ್ಕದಲ್ಲೂ ಅದರ ಹಾದಿ ತೋರುವ ಗೆರೆಯೊಡನೆ ಪ್ರಕಟವಾಗಬೇಕು. ಅದನ್ನು ಕೇಳುವ ಹಕ್ಕು ದಿಬ್ಬಗಳ ದೂಳು ಕುಡಿದು ಬಾಳಿದ ಜನರಿಗಿದೆ.

ಅಲ್ಲಿಯವರೆಗೆ ಕಾಯಬೇಕಾದ ಅಗತ್ಯ ಉಳಿದವರಿಗಿಲ್ಲ. ಸಹಕಾರ ಸಂಘದ ಕಾರ್ಯದರ್ಶಿಯಾಗಿರಲಿ, ಬಂಗಾರಪೇಟೆಯ ಅಂಗಡಿಯ ಲೆಕ್ಕ ನೋಡುವವರಾಗಿರಲಿ, ಬೆಂಗಳೂರಿನ ಕಂಪನಿಗೆ ದಿನವೂ ರೈಲಿನಲ್ಲಿ ಹೋಗಿಬರುವ ವಿಶ್ಲೇಷಕರಾಗಿರಲಿ, ಹಿಂದಿನ ಹನ್ನೆರಡು ತಿಂಗಳ ಅಂಕಿಗಳು ಅವರ ಕಂಪ್ಯೂಟರಿನಲ್ಲಿ ಈಗಾಗಲೇ ಇವೆ. ಮುಂದಿನ ತಿಂಗಳ ವರದಿ ಕಳುಹಿಸುವ ಮುನ್ನ ಅದರಲ್ಲಿ ಒಂದೇ ಒಂದು ಕಾಲಂ ಹೆಚ್ಚಿಗೆ ಸೇರಿಸಿ, 13 ಬಿಂದುಗಳ ಗೆರೆ ಎಳೆದು, ಅಳತೆಗೋಲು ಯಾವುದೆಂದು ತಲೆಬರಹದಲ್ಲಿ ಬರೆದು ಕಳುಹಿಸಿ ನೋಡಲಿ. ಹಾಗೆ ಮಾಡಲು ಅರ್ಧ ಗಂಟೆಯೂ ಹಿಡಿಯುವುದಿಲ್ಲ.